ಮೇಲೆ ಹಾರುವ ಳ

ಶಿವಾಜಿನಗರ ಕೋರ್ಟಿನ ಹಿಂದಿನ ಗೇಟಿನೆದುರು
ಬೇವಿನ ಬೊಡ್ಡೆಗೆ ತಗಡು ಕಟ್ಟಿ
ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ.
ಮರಾಠಿ ಮಷೀನು, ಮೈಂದರ್ಗಿಯ ಕನ್ನಡ ಬಾಯಿ.
ಪುಟಕ್ಕೆ ನಲವತ್ತು, ಕಾರ್ಬನ್ ಪ್ರತಿಗೆ ಹತ್ತು.
ಒಳಗೇನಿದೆ ಎಂದು ಕೇಳುವುದಕ್ಕೆ ದರ ಇಟ್ಟಿಲ್ಲ,
ಅದಕ್ಕೇ ಕೇಳುತ್ತಿರಲಿಲ್ಲ.

ಮಷೀನಿಗೆ ಒಂದೇ ರೋಗ:
ಳ ಸಾಲಿನಲ್ಲಿ ನಿಲ್ಲುವುದಿಲ್ಲ.
ಕೂದಲೆಳೆಯಷ್ಟು ಮೇಲೆ ಹಾರಿ ಕೂಡುತ್ತದೆ,
ಬಸ್ಸಿನಲ್ಲಿ ಸೀಟು ಸಿಗದೆ
ಬಾನೆಟ್ಟಿನ ಮೇಲೆ ಕೂತ ಹುಡುಗನ ಹಾಗೆ.
ಮರಾಠಿಯ ಅರ್ಜಿಗಳೋ ‘ಮಿಳಾವೇ’ ಎಂದೇ ಮುಗಿಯುತ್ತವೆ:
ಸಿಗಲಿ, ಕೊಡಿಸಿರಿ.
ನನ್ನ ಕೈದಾಟಿ ಹೋದ ಬೇಡಿಕೆಗಳೆಲ್ಲ
ಕೊನೆಯ ಶಬ್ದದಲ್ಲಿ ಒಮ್ಮೆ ಎಡವಿಯೇ ಹೋಗಿವೆ.

ಜಗದೇವಿ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ಅಫಜಲಪುರದ ಕಡೆಯವಳು. ವಾಘೋಲಿಯಲ್ಲಿ ಪತ್ರಾ ಶೆಡ್ಡು.
ಸೀರೆ ಅಂಗಡಿಯ ಚೀಲದಲ್ಲಿ ಗಂಡನ ಆಧಾರ್,
ಆಸ್ಪತ್ರೆಯ ಚೀಟಿ, ಮಗನ ಅಂಗನವಾಡಿ ಕಾರ್ಡು,
ಯಾರದೋ ಹಳೇ ಲೈಟ್ ಬಿಲ್ಲು.
‘ಅಣ್ಣಾ, ನೀವು ಕನ್ನಡದವರು ಅಂದ್ರು.
ವಕೀಲರಿಗೆ ಕೊಡ್ಲಿಕ್ಕೆ ರೊಕ್ಕಿಲ್ರಿ.
ಬರದು ಕೊಡ್ರಿ, ಎಷ್ಟಾಗ್ತದ ಹೇಳ್ರಿ.’

ಭೀಮಶಾ ಏಳನೇ ಸ್ಲ್ಯಾಬಿನಿಂದ ಬಿದ್ದದ್ದು ಶ್ರಾವಣದಲ್ಲಿ.
ಹೆಣ ಬಿಡಿಸಲಿಕ್ಕೆ ಬೇಕು ಎಂದು ಮುಕಾದಮ
ಶವಾಗಾರದ ಬಾಗಿಲಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡನಂತೆ.
ಅದರ ಝೆರಾಕ್ಸು ಎಲ್ಲಕ್ಕಿಂತ ಕೆಳಗಿತ್ತು,
ನಾಲ್ಕು ಮಡಿಕೆ.

ಬಿಚ್ಚಿ ಓದಿದೆ. ನಾಲ್ಕು ಲಕ್ಷ ರೂಪಾಯಿ ರೋಖ ‘ಮಿಳಾಲೀ’,
ಇನ್ನು ಯಾವ ತಕರಾರೂ ಇಲ್ಲ.
‘ಮಿಳಾಲೀ’ಯೊಳಗಿನ ಳ
ಕೂದಲೆಳೆಯಷ್ಟು ಮೇಲಿತ್ತು.

ತಗಡಿನ ಮೇಲೆ ಕಾಗೆ ಓಡಾಡಿತು.
ಹೆಲ್ಮೆಟ್ಟನ್ನು ಮೊಣಕೈಗೆ ತೂಗಿಸಿಕೊಂಡಿದ್ದ ಒಬ್ಬ,
‘ಬೇಗ ಮಾಡು ಕಾಕಾ’. ನೂರರ ನೋಟು,
ಚಿಲ್ಲರೆ ಇಟ್ಕೋ ಅಂದಿದ್ದ.
ಅದರಲ್ಲೇ ಚಹಾ ಕುಡಿದಿದ್ದೆ.

‘ನಿನಗ ಎಷ್ಟು ಕೊಟ್ಟಾರವ್ವಾ?’
‘ಮಣ್ಣಿಗಿ ಇಪ್ಪತ್ತು ಸಾವಿರ್ರಿ. ಅದರಾಗ ಗಾಡಿ ಬಾಡಿಗಿ ಹಿಡಕೊಂಡ್ರು.’

ಕಾಗದ ಏರಿಸಲಿಲ್ಲ. ಮಷೀನಿಗೆ ರೆಕ್ಸಿನ್ ಹೊದಿಸಿ
ಅವಳನ್ನು ಒಳಗೆ ಕರೆದೊಯ್ದೆ.
ತಳಮಹಡಿ, ನೀರಿನ ಟಾಕಿ ದಾಟಿ ಎಡಕ್ಕೆ,
ಉಚಿತ ಕಾನೂನು ನೆರವಿನ ಕೋಣೆ.
ಗಿರಾಕಿಗಳಿಗೆ ನಾನೆಂದೂ ತೋರಿಸದ ಬಾಗಿಲು.
ಬೋರ್ಡು ದೊಡ್ಡದಾಗಿಯೇ ಇದೆ,
ಓದಲು ಬರುವವರಿಗೆ.

ವಕೀಲೆ ಮೃಣ್ಮಯೀ ಪಾಟಣಕರ ಅರ್ಧ ಉಂಡ ಡಬ್ಬಿ ಮುಚ್ಚಿದರು.
ಹೆಂಗಸರಿಗೆ ಫೀ ಇಲ್ಲ, ಆದಾಯದ ದಾಖಲೆ ಬೇಡ,
ಎರಡು ವರ್ಷ ದಾಟಿಲ್ಲ, ಪರಿಹಾರ ಕೇಳಬಹುದು ಎಂದರು.
ನಾನು ಕನ್ನಡ ಮಾಡಿದೆ.
‘ಖರೇನ?’ ಅಂದಳು ಜಗದೇವಿ. ‘ಪುಕ್ಕಟೆ ಅಂದ್ರ
ಸರಿಯಾಗಿ ಮಾಡ್ತಾರೇನ್ರಿ?’
ಅದನ್ನೂ ಮರಾಠಿ ಮಾಡಿದೆ. ವಕೀಲೆ ನಕ್ಕು,
ಕೆಲವರು ಮಾಡೋದಿಲ್ಲ, ನಾನು ಮಾಡ್ತೇನೆ ಅಂದರು.

ಆಮೇಲೆ ಝೆರಾಕ್ಸಿನ ಮೇಲೆ ಬೆರಳಿಟ್ಟು ಅವಳನ್ನು ಕೇಳಿದರು,
ಇದನ್ನು ಟೈಪು ಮಾಡಿದವರು ಯಾರು, ಗೊತ್ತೇ?
ನಡುವೆ ನಿಂತ ನನಗೆ ಬಾಯಿ ಕಟ್ಟಿತು.
‘ಏನಂತಾರ್ರಿ ಬಾಯಾರು?’
ಕೇಳು, ಹೇಳು. ಎರಡರಲ್ಲೂ ಅದೇ ಅಕ್ಷರ.

ಅವಳಿಗೇ ಮೊದಲು ಹೇಳಿದೆ, ಕನ್ನಡದಲ್ಲಿ.
ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು.
ಅಷ್ಟೇ.

ಶನಿವಾರ ಮಷೀನನ್ನು ರಿಪೇರಿಗೆ ಹಾಕುವವನಿದ್ದೆ.
ಮುಟ್ಟಬೇಡಿ ಎಂದಿದ್ದಾರೆ ವಕೀಲರು,
ಸಾಕ್ಷಿಗೆ ಅದು ಹಾಗೇ ಬೇಕು, ನೀವೂ.
ತಾರೀಖು ಇನ್ನೂ ಬಂದಿಲ್ಲ.
ಟಾಕಿ ದಾಟಿ ಎಡಕ್ಕೆ, ಟಾಕಿ ದಾಟಿ ಎಡಕ್ಕೆ ಎಂದು
ಬಂದವರಿಗೆಲ್ಲ ಕೈ ತೋರಿಸುತ್ತ
ಸಂಜೆಯ ಚಹಾ ಬಿಟ್ಟಿದ್ದೇನೆ.